ಎರಡು ನೋಟ್‌ಬುಕ್ ಒಂದಾಗಲಿ: ಕಾಲೇಜಿನಲ್ಲಿ ಸಾಹಿತ್ಯ ಓದುವುದು, ಬರೆಯಲು ಕಲಿಯುವುದು

ಸಾಹಿತ್ಯ ಓದಲು ಕಾಲೇಜಿಗೆ ಸೇರುವವರ ಚೀಲದಲ್ಲಿ ಸಾಮಾನ್ಯವಾಗಿ ಎರಡು ನೋಟ್‌ಬುಕ್‌ಗಳಿರುತ್ತವೆ. ಒಂದರಲ್ಲಿ ತರಗತಿಯ ಟಿಪ್ಪಣಿ: ಕಾಲಘಟ್ಟ, ಪಂಥ, ಪರೀಕ್ಷೆಗೆ ಬರಬಹುದಾದ ಪ್ರಶ್ನೆ. ಇನ್ನೊಂದರಲ್ಲಿ ಯಾರಿಗೂ ತೋರಿಸದ ಕವಿತೆಗಳು, ಅರ್ಧಕ್ಕೆ ನಿಂತ ಕತೆಗಳು. ಪದವಿ ಮುಗಿಯುವವರೆಗೂ ಒಂದೇ ಚೀಲದಲ್ಲಿದ್ದು ಇವೆರಡಕ್ಕೂ ಪರಸ್ಪರ ಪರಿಚಯವೇ ಆಗಿರುವುದಿಲ್ಲ. ನಾನೂ ಹಾಗೆ ಓದಿದವನೇ. ಕವಿತೆಯನ್ನು ಬಿಡಿಸಿ ನೋಡುವುದು ಪರೀಕ್ಷೆಯ ಕೆಲಸ, ಬರೆಯುವುದು ಮನಸ್ಸಿನ ಕೆಲಸ ಎಂದು ನಂಬಿ ಎರಡರಲ್ಲೂ ಹಿಂದೆ ಬಿದ್ದೆ. ಮುಂದೆ ಹೇಳುವ ಹಂತಗಳೆಲ್ಲ ಆ ಎರಡು ಪುಸ್ತಕಗಳನ್ನು ಒಂದು ಮಾಡಿಕೊಳ್ಳುವ ದಾರಿಗಳು.

ಸೇರುವ ಮುನ್ನ

ಪಠ್ಯಕ್ರಮ ಕೈಗೆ ಸಿಕ್ಕಾಗ ಎಲ್ಲರೂ ಮೊದಲು ನೋಡುವುದು ಪಠ್ಯಪುಸ್ತಕಗಳ ಪಟ್ಟಿಯನ್ನು. ಅದಕ್ಕಿಂತ ಮೊದಲು ಅಂಕಗಳನ್ನು ಹೇಗೆ ಹಂಚಿದ್ದಾರೆ ಎಂಬುದನ್ನು ನೋಡಿ. ಎಲ್ಲ ಅಂಕಗಳೂ ಮೂರು ಗಂಟೆಯ ಲಿಖಿತ ಪರೀಕ್ಷೆಗೇ ಹೋದರೆ ಅಲ್ಲಿ ಬೆಳೆಯುವುದು ನೆನಪಿನ ಶಕ್ತಿ. ಪ್ರಬಂಧ, ತಿದ್ದಿದ ಕರಡು, ಸ್ವಂತ ಬರಹಗಳ ಸಂಕಲನ ಇವಕ್ಕೂ ಪಾಲಿದ್ದರೆ ಬರವಣಿಗೆಗೆ ಜಾಗವಿದೆ ಎಂದರ್ಥ. ಬರವಣಿಗೆಯ ತರಗತಿಯಲ್ಲಿ ಎಷ್ಟು ಜನರಿರುತ್ತಾರೆ ಎಂದೂ ಕೇಳಿ. ಎರಡು ಗಂಟೆಯಲ್ಲಿ ಎರಡೋ ಮೂರೋ ಬರಹಗಳನ್ನು ಮಾತ್ರ ಸರಿಯಾಗಿ ಚರ್ಚಿಸಲು ಸಾಧ್ಯ. ತರಗತಿಯಲ್ಲಿ ನಲವತ್ತು ಜನರಿದ್ದರೆ ನಿಮ್ಮ ಸರದಿ ಸೆಮಿಸ್ಟರಿಗೆ ಒಮ್ಮೆ ಬಂದರೆ ಹೆಚ್ಚು.

ಬರೆಯುವುದನ್ನು ಕಲಿಸಲು ಬರುತ್ತದೆಯೇ ಎಂದು ಮನೆಯವರೂ ಕೇಳುತ್ತಾರೆ, ಬರೆಯುವವರೂ ಕೇಳುತ್ತಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಬರಹಗಾರರ ಕಮ್ಮಟ ಶುರುವಾಯಿತು. ಬ್ರಿಟನ್ನಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ 1970ರಲ್ಲಿ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ತರಗತಿ ತೆರೆಯಿತು. ಇದನ್ನೆಲ್ಲ ಆಧುನಿಕರ ಚಟ ಎಂದುಕೊಳ್ಳುವವರು 11ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟನನ್ನು ಒಮ್ಮೆ ನೋಡಬೇಕು. ಕಾವ್ಯ ಹುಟ್ಟಲು ಬೇಕಾದುದನ್ನು ಅವನು ಮೂರು ಎಳೆಯಾಗಿ ಹೇಳುತ್ತಾನೆ: ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರ ಕಾವ್ಯಗಳನ್ನೂ ಗಮನಿಸಿ ಪಡೆದ ನಿಪುಣತೆ, ಕಾವ್ಯ ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ. ಮೂರೂ ಸೇರಿ ಒಂದೇ ಕಾರಣ ಎನ್ನುತ್ತಾನೆ, ಒಂದಿದ್ದರೆ ಸಾಕು ಎನ್ನುವುದಿಲ್ಲ. ಮೊದಲನೆಯದನ್ನು ಯಾವ ಕಾಲೇಜೂ ಕೊಡಲಾರದು. ಉಳಿದ ಎರಡನ್ನು ಕೊಡಬಲ್ಲದು, ಅದಕ್ಕಾಗಿಯೇ ಅಲ್ಲಿಗೆ ಹೋಗುವುದು.

ಓದುವುದು: ಮೂರು ಸಲ, ಮೂರು ಬಗೆ

ಮೊದಲ ಓದಿಗೆ ಪೆನ್ಸಿಲ್ ಬೇಡ. ಕತೆ ಎಲ್ಲಿ ಹಿಡಿಯಿತು, ಎಲ್ಲಿ ಬೇಸರವಾಯಿತು ಎಂಬುದಷ್ಟೇ ನೆನಪಿನಲ್ಲಿ ಉಳಿಯಲಿ. ಮುಗಿಸಿದ ಕೂಡಲೇ, ಯಾವ ವಿಮರ್ಶೆಯನ್ನೂ ನೋಡುವ ಮೊದಲು, ಐದು ಸಾಲು ಬರೆದು ದಿನಾಂಕ ಹಾಕಿ. ಆ ಐದು ಸಾಲಿನ ಬೆಲೆ ಆಗ ಗೊತ್ತಾಗುವುದಿಲ್ಲ. ಪ್ರಬಂಧ ಬರೆಯಲು ಕುಳಿತಾಗ ನಿಮ್ಮದು ಎಂದು ಹೇಳಿಕೊಳ್ಳಬಹುದಾದ ವಿಚಾರ ಬಹಳ ಸಲ ಅಲ್ಲೇ ಸಿಗುತ್ತದೆ. ಉಳಿದದ್ದೆಲ್ಲ ಆಮೇಲೆ ಓದಿದವರಿಂದ ಬಂದದ್ದು.

ಎರಡನೆಯ ಓದಿಗೆ ಪೆನ್ಸಿಲ್ ಬೇಕು. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ನಿಮ್ಮದೇ ಪದಸೂಚಿ ಮಾಡಿಕೊಳ್ಳಿ: "ಬಾಗಿಲು 14, 58, 203", "ತಾಯಿ ಸುಳ್ಳು ಹೇಳುವುದು 77". ಗ್ರಂಥಾಲಯದ ಪುಸ್ತಕವಾದರೆ ಒಂದು ಚೀಟಿಯಲ್ಲಿ ಬರೆಯಿರಿ. ಒಂದೇ ವಸ್ತು ಮೂರನೆಯ ಸಲ ಕಣ್ಣಿಗೆ ಬಿದ್ದರೆ ಅದು ಆಕಸ್ಮಿಕವಾಗಿರುವ ಸಂಭವ ಕಡಿಮೆ.

ಮೂರನೆಯದು ಇಡೀ ಪುಸ್ತಕದ ಓದಲ್ಲ. ನಿಮ್ಮನ್ನು ತಡೆದು ನಿಲ್ಲಿಸಿದ ಒಂದು ಪುಟವನ್ನು ಆರಿಸಿಕೊಂಡು ಕೈಯಲ್ಲೇ ನಕಲು ಮಾಡಿ. ಟೈಪ್ ಮಾಡಬೇಡಿ, ಬೆರಳು ಓಡುವ ವೇಗಕ್ಕೆ ಕಣ್ಣು ಏನನ್ನೂ ಗಮನಿಸುವುದಿಲ್ಲ. ಕೈಯಲ್ಲಿ ಬರೆಯುವಾಗ "ಇಲ್ಲಿ ನಾನಾಗಿದ್ದರೆ ವಾಕ್ಯ ಮುಗಿಸುತ್ತಿದ್ದೆ, ಇವರು ಮುಗಿಸಲಿಲ್ಲ" ಎಂದು ತಾನಾಗಿಯೇ ಹೊಳೆಯುತ್ತದೆ. ಓದುಗ ಬರಹಗಾರನಾಗುವ ಕ್ಷಣ ಅದೇ.

ದಪ್ಪ ಕಾದಂಬರಿಗಳ ಭಯಕ್ಕೆ ಲೆಕ್ಕವೇ ಮದ್ದು. ಇಪ್ಪತ್ತು ಪುಟ ಓದಿ ಎಷ್ಟು ಹೊತ್ತಾಯಿತು ನೋಡಿ. ನಲವತ್ತು ನಿಮಿಷವಾದರೆ 300 ಪುಟಕ್ಕೆ ಹತ್ತು ಗಂಟೆ. ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ. ಪಾಠ ಶುರುವಾಗುವ ದಿನದಿಂದ ಹಿಂದಕ್ಕೆ ಎಣಿಸಿ ಇಟ್ಟುಕೊಳ್ಳಿ. ಸಾರಾಂಶ ಓದಿ ತರಗತಿಗೆ ಹೋಗುವವರಿಗೆ ಕತೆ ಗೊತ್ತಿರುತ್ತದೆ, ಆದರೆ ವಾಕ್ಯಗಳು ಗೊತ್ತಿರುವುದಿಲ್ಲ. ಚರ್ಚೆ ನಡೆಯುವುದು ವಾಕ್ಯಗಳ ಮೇಲೆ.

ನಾಲ್ಕು ಸಾಲಿನ ಮುಂದೆ ಒಂದು ಗಂಟೆ

ನಿಕಟ ಓದು ಎಂಬ ಮಾತನ್ನು ಮೊದಲ ವಾರದಲ್ಲೇ ಕೇಳುತ್ತೀರಿ: ಪಠ್ಯದ ಒಂದೊಂದು ಪದವನ್ನೂ ಗಮನಿಸಿ ಓದುವುದು. ಕೇಂಬ್ರಿಡ್ಜಿನಲ್ಲಿ ಐ. ಎ. ರಿಚರ್ಡ್ಸ್ ಎಂಬ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಕವಿಯ ಹೆಸರಿಲ್ಲದ ಕವಿತೆಗಳನ್ನು ಕೊಟ್ಟು ಅಭಿಪ್ರಾಯ ಬರೆಸಿಕೊಂಡರು. ಚೆನ್ನಾಗಿ ಓದಿಕೊಂಡವರೂ ಎಡವಿದ್ದರು. ಹೆಸರಿನ ಊರುಗೋಲು ಇಲ್ಲದಿದ್ದಾಗ ಸಿದ್ಧ ಭಾವನೆಗಳನ್ನೂ ಸ್ವಂತ ನೆನಪುಗಳನ್ನೂ ಕವಿತೆಯ ಮೇಲೆ ಹೇರಿದ್ದರು. ಆ ಉತ್ತರಗಳ ವಿಶ್ಲೇಷಣೆ 1929ರಲ್ಲಿ ಪುಸ್ತಕವಾಗಿ ಬಂತು. ಈ ಪ್ರಯೋಗವನ್ನು ಗೆಳೆಯರ ನಡುವೆ ಇಂದೇ ಮಾಡಬಹುದು: ಒಬ್ಬರು ಕವಿಯ ಹೆಸರು ಮುಚ್ಚಿ ಕವಿತೆ ತರಲಿ, ಉಳಿದವರು ಮಾತಾಡದೆ ಹದಿನೈದು ನಿಮಿಷ ಬರೆಯಲಿ.

ಏನು ಬರೆಯಬೇಕು ಎಂಬುದಕ್ಕೆ ಒಂದು ಮಾದರಿ. ಅಭ್ಯಾಸಕ್ಕೆಂದು ನಾನೇ ಕಟ್ಟಿದ ನಾಲ್ಕು ಸಾಲು ಇವು:

ಅಜ್ಜಿ ಹೋದ ಮೇಲೆ
ಕನ್ನಡಕ ಮಾತ್ರ
ಕಿಟಕಿಯಲ್ಲೇ ಕುಳಿತಿದೆ
ಹೊರಗೆ ನೋಡುತ್ತಾ

"ಅಗಲಿಕೆಯ ನೋವನ್ನು ಕವಿ ಮನಮುಟ್ಟುವಂತೆ ಚಿತ್ರಿಸಿದ್ದಾರೆ" ಎಂದು ಬರೆದರೆ ಕವಿತೆಯನ್ನು ಮುಟ್ಟದೆಯೇ ದಾಟಿದಂತೆ. ಬದಲಿಗೆ ಒಂದೊಂದೇ ಪದವನ್ನು ತೆಗೆದು ನೋಡಿ. "ಹೋದ" ಎನ್ನುವಲ್ಲಿ ಸಾವೂ ಇದೆ, ಬರಿಯ ಪ್ರಯಾಣವೂ ಇದೆ. "ಸತ್ತ" ಎಂದು ಹಾಕಿದರೆ ಎರಡನೆಯದು ಕಳೆದುಹೋಗುತ್ತದೆ. "ಕಿಟಕಿಯಲ್ಲಿ" ಎನ್ನದೆ "ಕಿಟಕಿಯಲ್ಲೇ" ಎಂದಿರುವುದು ಏಕೆ? ಆ ಒಂದು ಏಕಾರ, ಕನ್ನಡಕ ಹಿಂದೆಯೂ ಅಲ್ಲಿಯೇ ಇರುತ್ತಿತ್ತು, ಅಜ್ಜಿಯೂ ಅಲ್ಲಿಯೇ ಕುಳಿತಿರುತ್ತಿದ್ದಳು ಎಂಬ ಹಳೆಯ ದಿನಗಳನ್ನೆಲ್ಲ ಎಳೆದು ತರುತ್ತದೆ. ವಸ್ತುಗಳು ಇರುತ್ತವೆ, ಬಿದ್ದಿರುತ್ತವೆ, ಕುಳಿತುಕೊಳ್ಳುವವರು ಮನುಷ್ಯರು. ಕೊನೆಗೆ ವಾಕ್ಯದ ಜೋಡಣೆ: ಕನ್ನಡದಲ್ಲಿ ಕ್ರಿಯಾಪದ ಬಂದರೆ ವಾಕ್ಯ ಮುಗಿಯುತ್ತದೆ. ಇಲ್ಲಿ "ಕುಳಿತಿದೆ" ಬಂದ ಮೇಲೂ "ನೋಡುತ್ತಾ" ಉಳಿದುಕೊಂಡಿದೆ. ವ್ಯಾಕರಣದ ಪ್ರಕಾರ ಮುಗಿದ ವಾಕ್ಯ ಮುಗಿಯಲು ಒಪ್ಪುತ್ತಿಲ್ಲ. ಕಾಯುವಿಕೆಯೂ ಹಾಗೆಯೇ.

ಹೀಗೆ ನೋಡುವುದರಿಂದ ಕವಿತೆಯ ಜೀವ ಹೋಗುತ್ತದೆ ಎಂಬ ದೂರು ಹಳೆಯದು. ನನ್ನ ಅನುಭವದಲ್ಲಿ, ಹೋಗುವ ಜೀವ ಮೊದಲೇ ಗಟ್ಟಿಯಾಗಿರಲಿಲ್ಲ. ಗಟ್ಟಿ ಕವಿತೆ ಎಷ್ಟು ಬಿಡಿಸಿದರೂ ಮತ್ತೆ ಕೂಡಿಕೊಳ್ಳುತ್ತದೆ.

ಪ್ರಬಂಧ

ನನ್ನ ಮೊದಲ ಪ್ರಬಂಧದ ಅಂಚಿನಲ್ಲಿ ಮೇಷ್ಟರು ಐದಾರು ಕಡೆ ಒಂದೇ ಪ್ರಶ್ನೆ ಬರೆದಿದ್ದರು: "ಇದು ಪಠ್ಯದಲ್ಲಿ ಎಲ್ಲಿದೆ?" ಆಗ ಸಿಟ್ಟು ಬಂದಿತ್ತು. ಈಗ ಯಾವ ಪ್ರಬಂಧ ಬರೆದರೂ ಕೊನೆಗೆ ಆ ಪ್ರಶ್ನೆಯನ್ನು ನಾನೇ ಪ್ರತಿ ಪ್ಯಾರಾದ ಪಕ್ಕ ಬರೆದು ಉತ್ತರ ಹುಡುಕುತ್ತೇನೆ.

ಮೊದಲು ಬೇಕಾದದ್ದು ಒಂದು ವಾದ. ಅದನ್ನು ಪರೀಕ್ಷಿಸುವುದು ಸುಲಭ: ಅದೇ ಕೃತಿಯನ್ನು ಓದಿದ ಬುದ್ಧಿವಂತರೊಬ್ಬರು "ನನಗೆ ಹಾಗನಿಸುವುದಿಲ್ಲ" ಎನ್ನಲು ಸಾಧ್ಯವಿದೆಯೇ? "ಈ ಕವಿತೆ ಸಾವಿನ ಕುರಿತದ್ದು" ಎಂದರೆ ಯಾರೂ ಇಲ್ಲವೆನ್ನುವುದಿಲ್ಲ, ಆದ್ದರಿಂದ ಅದು ವಾದವಲ್ಲ. "ಸಾವನ್ನು ಹೆಸರಿಸದೆ, ವಾಕ್ಯವನ್ನು ಮುಗಿಸಲು ಒಪ್ಪದೆ ಈ ಕವಿತೆ ಅಜ್ಜಿಯ ಕಾಯುವಿಕೆಯನ್ನು ಮುಂದುವರಿಸುತ್ತದೆ" ಎಂದರೆ ಜಗಳಕ್ಕೆ ಜಾಗವಿದೆ. ಹಾಗಾದರೆ ಬರೆಯಲು ಕಾರಣವೂ ಇದೆ.

ಉದ್ಧರಣೆಗಳು ಚಿಕ್ಕದಾಗಿರಲಿ. ಎಂಟು ಸಾಲು ಎತ್ತಿ ಹಾಕಿ ಕೆಳಗೆ ಒಂದು ಸಾಲು ವಿವರಿಸುವ ಬದಲು, ಎರಡು ಪದ ಎತ್ತಿಕೊಂಡು ಎಂಟು ಸಾಲು ಬರೆಯಿರಿ. ಲೇಖಕರ ಜೀವನಚರಿತ್ರೆಯಿಂದ ಪ್ರಬಂಧ ಶುರುಮಾಡಬೇಡಿ. ಹುಟ್ಟಿದ ಊರು, ಪಡೆದ ಪ್ರಶಸ್ತಿಗಳು ಮೌಲ್ಯಮಾಪಕರಿಗೆ ಮೊದಲೇ ಗೊತ್ತು. ವಿಮರ್ಶಕರನ್ನು ಓದುವುದು ನಿಮ್ಮ ವಾದ ಒಂದು ರೂಪಕ್ಕೆ ಬಂದ ಮೇಲೆ. ಒಪ್ಪಿಗೆಗಿಂತ ಭಿನ್ನಾಭಿಪ್ರಾಯಕ್ಕೆ ಅವರು ಹೆಚ್ಚು ಉಪಯೋಗ. ಸಾಲು ನಕಲು ಮಾಡಿಕೊಳ್ಳುವಾಗಲೇ ಪುಟಸಂಖ್ಯೆ ಬರೆದಿಡಿ. ಈ ಮಾತನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ, ಕೊನೆಯ ರಾತ್ರಿ ಎಲ್ಲರೂ ಹುಡುಕುತ್ತಾರೆ.

ಸಾಹಿತ್ಯ ಸಿದ್ಧಾಂತಗಳ ಪೇಪರ್ ಬಂದಾಗ ಗಾಬರಿಯಾಗುವುದು ಸಹಜ. ಸ್ತ್ರೀವಾದ, ಮಾರ್ಕ್ಸ್‌ವಾದ, ವಸಾಹತೋತ್ತರ ಚಿಂತನೆ ಇವುಗಳ ಪರಿಭಾಷೆಯನ್ನು ಬಾಯಿಪಾಠ ಮಾಡುವ ಬದಲು, ಪ್ರತಿಯೊಂದೂ ಪಠ್ಯಕ್ಕೆ ಯಾವ ಪ್ರಶ್ನೆ ಕೇಳುತ್ತದೆ ಎಂದು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಈ ಕತೆಯಲ್ಲಿ ಮಾತಾಡುವವರು ಯಾರು, ಮಾತಾಡದವರು ಯಾರು? ದುಡಿಯುವವರು ಕಾಣಿಸುತ್ತಾರೆಯೇ? ಯಾರ ಭಾಷೆ ಇಲ್ಲಿ ಸಹಜ, ಯಾರದ್ದು ನಗೆಪಾಟಲು? ಇವೇ ಪ್ರಶ್ನೆಗಳನ್ನು ನಿಮ್ಮ ಸ್ವಂತ ಕತೆಗೂ ಕೇಳಿ ನೋಡಿ. ನನ್ನ ಒಂದು ಕತೆಯಲ್ಲಿ ಅಡುಗೆ ಮಾಡುವ ಹೆಂಗಸಿಗೆ ಹೆಸರೇ ಇಡದೆ ಇದ್ದದ್ದು ತಿಳಿದದ್ದು ಹಾಗೆಯೇ.

ಬರೆಯುವ ಹೊತ್ತು

ಸಾವಿರ ವರ್ಷಗಳಿಗೂ ಹಿಂದೆ ಸಂಸ್ಕೃತ ಕವಿ ರಾಜಶೇಖರ ತನ್ನ ಕಾವ್ಯಮೀಮಾಂಸೆ ಎಂಬ ಗ್ರಂಥದಲ್ಲಿ ಕವಿಯ ದಿನಚರಿಯನ್ನು ವಿವರಿಸಿದ್ದಾನೆ. ಹಗಲನ್ನು ನಾಲ್ಕು ಜಾವಗಳಾಗಿ ಹಂಚುತ್ತಾನೆ: ಒಂದರಲ್ಲಿ ವಿದ್ಯೆಗಳ ಅಭ್ಯಾಸ, ಒಂದರಲ್ಲಿ ರಚನೆ, ಒಂದರಲ್ಲಿ ಕಾವ್ಯಗೋಷ್ಠಿ, ಕೊನೆಯದರಲ್ಲಿ ಬೆಳಗ್ಗೆ ಬರೆದದ್ದರ ಪರೀಕ್ಷೆ. ಕಾಲೇಜು ವಿದ್ಯಾರ್ಥಿಗೆ ಇಷ್ಟು ಬಿಡುವು ಸಿಗದು, ನಿಜ. ಆದರೆ ಅನುಪಾತ ನೋಡಿ. ನಾಲ್ಕರಲ್ಲಿ ಒಂದೇ ಪಾಲು ಹೊಸದಾಗಿ ಬರೆಯಲು. ಉಳಿದದ್ದು ಓದು, ಮಾತು, ತಿದ್ದುಪಡಿ. ನಾವು ಸ್ಫೂರ್ತಿ ಬಂದಾಗ ಬರೆದು, ಬರೆದದ್ದನ್ನೇ ಅಂತಿಮ ಎಂದುಕೊಳ್ಳುತ್ತೇವೆ.

ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿಗೆ, ಮೊಬೈಲ್ ಬೇರೆ ಕೋಣೆಯಲ್ಲಿ. ಇಷ್ಟು ಸಾಕು. ಏನು ಬರೆಯುವುದೆಂದು ತೋಚದಿದ್ದರೆ ಆ ವಾರ ತರಗತಿಯಲ್ಲಿ ಓದಿದ ಕೃತಿಯಿಂದಲೇ ಅಭ್ಯಾಸ ಎತ್ತಿಕೊಳ್ಳಿ. ಪ್ರಥಮ ಪುರುಷದಲ್ಲಿ, ಅಂದರೆ "ಅವನು", "ಅವಳು" ಎಂದು, ಇರುವ ಒಂದು ದೃಶ್ಯವನ್ನು "ನಾನು" ಎಂದು ಬರೆಯಿರಿ. ಏನೇನು ಹೇಳಲು ಆಗದೆ ಹೋಯಿತು ಎಂದು ಪಟ್ಟಿ ಮಾಡಿ. ದೃಷ್ಟಿಕೋನದ ಬಗ್ಗೆ ಮೂರು ಉಪನ್ಯಾಸ ಕೇಳಿದರೂ ತಿಳಿಯದ್ದು ಇದರಿಂದ ತಿಳಿಯುತ್ತದೆ. ಒಂದು ಸಂಭಾಷಣೆಯಿಂದ "ಎಂದು ಕೋಪದಿಂದ ಹೇಳಿದನು", "ಎಂದು ನಿಟ್ಟುಸಿರಿಟ್ಟಳು" ಇವನ್ನೆಲ್ಲ ತೆಗೆದು, ಮಾತಿನಿಂದಲೇ ಕೋಪ ತಿಳಿಯುತ್ತದೆಯೇ ನೋಡಿ.

ಛಂದಸ್ಸನ್ನು ಅಂಕಗಳಿಗಾಗಿ ಪ್ರಸ್ತಾರ ಹಾಕಿ ಬಿಟ್ಟುಬಿಡುವವರೇ ಹೆಚ್ಚು. ಒಂದು ಕಂದಪದ್ಯ ಬರೆದು ನೋಡಿ. ನಾಲ್ಕು ಮಾತ್ರೆಯ ಗಣಗಳು (ಮಾತ್ರೆ ಎಂದರೆ ಉಚ್ಚಾರಣೆಯ ಕಾಲದ ಅಳತೆ, ಗಣ ಎಂದರೆ ಅವುಗಳ ಗುಂಪು), ಒಂದನೆಯ ಮತ್ತು ಮೂರನೆಯ ಸಾಲಿಗೆ ಮೂರು ಗಣ, ಎರಡನೆಯ ಮತ್ತು ನಾಲ್ಕನೆಯದಕ್ಕೆ ಐದು. ಜೊತೆಗೆ ಆದಿಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುವುದು) ಮತ್ತು ಇನ್ನಷ್ಟು ಕಟ್ಟಳೆ. ಪದ್ಯ ಕೆಟ್ಟದಾಗಿಯೇ ಬರುತ್ತದೆ, ಚಿಂತೆಯಿಲ್ಲ. ಮಾತ್ರೆ ತುಂಬಿಸಲು ಒಂದು ಪದಕ್ಕೆ ಹತ್ತು ಸಮಾನಾರ್ಥಕಗಳನ್ನು ತಡಕಾಡಿದ ಮೇಲೆ, ಅವು ನಿಜಕ್ಕೂ ಸಮಾನವಲ್ಲ ಎಂಬುದು ಕೈಗೆ ಹತ್ತುತ್ತದೆ. ಅನುವಾದದ ಲಾಭವೂ ಇದೇ. ಬೇರೆ ಭಾಷೆಯ ಒಂದು ಕವಿತೆಯನ್ನು ತಿಂಗಳಿಗೊಮ್ಮೆ ಕನ್ನಡಕ್ಕೆ ತನ್ನಿ. ಅದಕ್ಕಿಂತ ಕಠಿಣವಾದ ನಿಕಟ ಓದು ಬೇರೊಂದಿಲ್ಲ.

ಕಮ್ಮಟದಲ್ಲಿ

ಕಮ್ಮಟವೆಂದರೆ ಹಿಂದೆ ನಾಣ್ಯ ಅಚ್ಚುಹಾಕುತ್ತಿದ್ದ ಟಂಕಸಾಲೆ. ಲೋಹ ಕಾಯುವ, ಏಟು ಬೀಳುವ ಜಾಗ. ಬರಹಗಾರರ ಕೂಟಕ್ಕೆ ಈ ಹೆಸರು ಇಟ್ಟವರಿಗೆ ಏಟಿನ ಅನುಭವ ಇದ್ದಿರಬೇಕು.

ನಿಮ್ಮ ಬರಹ ಚರ್ಚೆಗೆ ಬಂದಾಗ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಿ. "ನಾನು ಹೇಳಲು ಹೊರಟದ್ದು ಬೇರೆ" ಎಂಬ ಸಮಜಾಯಿಷಿ ಬರಬಾರದು. ಪುಸ್ತಕದ ಜೊತೆ ನೀವು ಪ್ರತಿ ಓದುಗರ ಮನೆಗೂ ಹೋಗಲಾರಿರಿ. ಓದುಗರು ಎಡವಿದ ಜಾಗವನ್ನು ನಂಬಿ, ಅವರು ಸೂಚಿಸುವ ಪರಿಹಾರವನ್ನು ಅಷ್ಟಾಗಿ ನಂಬಬೇಡಿ. ಐದು ಜನ ಒಂದೇ ಪ್ಯಾರಾದಲ್ಲಿ ತಡವರಿಸಿದರೆ ಅಲ್ಲೇನೋ ಇದೆ. ಹಾಗಿದ್ದರೂ ಐವರೂ ಐದು ಔಷಧ ಹೇಳುತ್ತಾರೆ, ಐದೂ ತಪ್ಪಾಗಿರಬಹುದು. ಅವರು ತಡವರಿಸಿದ ಕಾರಣ ಎರಡು ಪುಟ ಹಿಂದೆಯೂ ಇರಬಹುದು.

ಲೇಖಕ ಪೂರ್ತಿ ಮೌನವಾಗಿರಬೇಕೆಂಬ ಪದ್ಧತಿ ಎಲ್ಲರಿಗೂ ಒಗ್ಗುವುದಿಲ್ಲ. ನೃತ್ಯ ಸಂಯೋಜಕಿ ಲಿಜ್ ಲೆರ್ಮನ್ 1990ರ ಸುಮಾರಿಗೆ ರೂಪಿಸಿದ ಕ್ರಮ ಇದಕ್ಕೆ ಒಳ್ಳೆಯ ಪರ್ಯಾಯ. ಮೊದಲು ಕೇಳುಗರು ತಮಗೆ ಅರ್ಥಪೂರ್ಣ ಎನಿಸಿದ್ದನ್ನು ಹೇಳುತ್ತಾರೆ. ಆಮೇಲೆ ಕಲಾವಿದರೇ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ಕೇಳುಗರು ಅಭಿಪ್ರಾಯ ಬೆರೆಸದ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ, ಅಭಿಪ್ರಾಯ. ಮೂರನೆಯ ಹಂತವೇ ಕಷ್ಟ. "ಈ ಮುಕ್ತಾಯ ಇಷ್ಟು ಅವಸರದ್ದೇಕೆ?" ಎಂಬುದು ಪ್ರಶ್ನೆಯ ವೇಷ ಹಾಕಿದ ತೀರ್ಪು. "ಕೊನೆಯ ದೃಶ್ಯ ನಡೆಯುವಾಗ ಎಷ್ಟು ಕಾಲ ಕಳೆದಿದೆ?" ಎಂಬುದು ಪ್ರಶ್ನೆ.

ಬೇರೆಯವರ ಬರಹದ ಬಗ್ಗೆ ಮಾತಾಡುವ ಸರದಿ ಬಂದಾಗ "ಚೆನ್ನಾಗಿದೆ" ಎಂಬ ಪದವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಎಷ್ಟನೆಯ ಪುಟದ ಯಾವ ವಾಕ್ಯ, ಅದು ನಿಮಗೇನು ಮಾಡಿತು, ಇಷ್ಟು ಹೇಳಿದರೆ ಸಾಕು. ಒಂದು ವರ್ಷದ ಕಮ್ಮಟದಲ್ಲಿ ನನ್ನ ಕತೆಗಳಿಗೆ ಸಿಕ್ಕ ಸಲಹೆಗಳಿಗಿಂತ ಬೇರೆಯವರ ಕತೆಗಳಿಗೆ ಬರೆದ ಟಿಪ್ಪಣಿಗಳಿಂದ ಹೆಚ್ಚು ಕಲಿತೆ. ಅವರಲ್ಲಿ ಕಂಡ ತಪ್ಪು ಮರುದಿನ ನನ್ನ ಪುಟದಲ್ಲಿ ಕುಳಿತಿರುತ್ತಿತ್ತು.

ತಿದ್ದುವುದು

ಕಾಗುಣಿತ ಸರಿಪಡಿಸುವುದನ್ನು ತಿದ್ದುಪಡಿ ಎಂದುಕೊಂಡವರೇ ಬಹಳ. ಒಂದು ಕತೆಯ ತುಣುಕನ್ನು ಮೂರು ಕರಡುಗಳಲ್ಲಿ ನೋಡೋಣ. ಮೊದಲನೆಯದು:

"ಅವನ ಮನಸ್ಸು ತೀವ್ರ ದುಃಖದಿಂದ ಭಾರವಾಗಿತ್ತು. ತೀರಿಹೋದ ತಂದೆಯ ನೆನಪಿನಲ್ಲಿ ಅವನು ಮುಳುಗಿಹೋದನು."

ದುಃಖದ ಹೆಸರಿದೆ, ದುಃಖವಿಲ್ಲ. ಈ ವಾಕ್ಯಗಳನ್ನು ಯಾವ ಕತೆಯ ಯಾವ ಮಗನಿಗೆ ಬೇಕಾದರೂ ಅಂಟಿಸಬಹುದು. ಎರಡನೆಯ ಕರಡು:

"ಅಪ್ಪನ ಅಂಗಿಯ ಜೇಬಿನಲ್ಲಿ ಮಡಚಿದ ಬಸ್ ಟಿಕೆಟ್ ಸಿಕ್ಕಿತು. ಅದನ್ನು ನೋಡಿ ಅವನ ಕಣ್ಣು ತುಂಬಿ ಬಂತು."

ಟಿಕೆಟ್ ಬಂದದ್ದು ಒಳ್ಳೆಯದು. ಆದರೆ ಬರೆದವರಿಗೆ ಆ ಟಿಕೆಟ್‌ನ ಮೇಲೆ ನಂಬಿಕೆಯಿಲ್ಲ. ಓದುಗರಿಗೆ ಗೊತ್ತಾಗಲಿಕ್ಕಿಲ್ಲವೆಂದು ಕಣ್ಣೀರನ್ನು ಸಾಕ್ಷಿಗೆ ಕರೆದಿದ್ದಾರೆ. ಮೂರನೆಯದು:

"ಒಗೆಯಲು ಹಾಕುವ ಮುನ್ನ ಜೇಬು ನೋಡಿದ. ಮಡಚಿದ ಒಂದು ಬಸ್ ಟಿಕೆಟ್. ಅದನ್ನು ಮತ್ತೆ ಜೇಬಿಗೇ ಹಾಕಿ, ಅಂಗಿಯನ್ನು ಬಟ್ಟೆಯ ರಾಶಿಯಿಂದ ತೆಗೆದು ಬೇರೆ ಇಟ್ಟ."

ಅಪ್ಪ ಎಂಬ ಪದವೂ ಇಲ್ಲಿಲ್ಲ. ಅದು ಹಿಂದಿನ ಪುಟದಲ್ಲಿ ಬಂದಿದ್ದರೆ ಸಾಕು. ಅಂಗಿಯನ್ನು ಒಗೆಯದೆ ಇಡುವ ಕ್ರಿಯೆಯೇ ಎಲ್ಲವನ್ನೂ ಹೊರುತ್ತದೆ. ಮೊದಲ ಕರಡು ಬರೆದದ್ದು ತಪ್ಪೇ? ಖಂಡಿತ ಅಲ್ಲ. ಅದಿಲ್ಲದೆ ಮೂರನೆಯದಕ್ಕೆ ಬರಲು ದಾರಿಯಿಲ್ಲ. ಅಲ್ಲಿಯೇ ನಿಲ್ಲುವುದು ತಪ್ಪು. ಹಿಂದೆ ನೋಡಿದ ನಾಲ್ಕು ಸಾಲಿನ ಕವಿತೆಯ "ಏಕಾರ" ನೆನಪಿದೆಯೇ? "ಜೇಬಿಗೇ" ಎನ್ನುವಲ್ಲಿ ಇರುವುದು ಅಜ್ಜಿಯ ಕಿಟಕಿಯಲ್ಲಿ ಕಂಡದ್ದೇ. ತರಗತಿಯ ನೋಟ್‌ಬುಕ್ಕಿನಿಂದ ಬರೆಯುವ ನೋಟ್‌ಬುಕ್ಕಿಗೆ ಒಂದು ಅಕ್ಷರ ದಾಟಿ ಬಂದದ್ದು ಹೀಗೆ.

ಕರಡು ಮುಗಿದ ಕೂಡಲೇ ತಿದ್ದಲು ಕೂರಬೇಡಿ, ಕನಿಷ್ಠ ಒಂದು ವಾರ ಬಿಡಿ. ಹಳೆಯ ಕರಡನ್ನು ಅಳಿಸಬೇಡಿ. ಪ್ರತಿಯೊಂದಕ್ಕೂ ದಿನಾಂಕ ಕೊಟ್ಟು ಉಳಿಸಿ. ಕೆಲವೊಮ್ಮೆ ಐದನೆಯ ಕರಡಿನಲ್ಲಿ ಕಳೆದುಹೋದ ಬಿಸಿ ಎರಡನೆಯದರಲ್ಲಿ ಇರುತ್ತದೆ.

ಎರವಲು, ಯಂತ್ರ, ಹೊಟ್ಟೆಪಾಡು

ಇತರರ ಸಾಲನ್ನು ಉದ್ಧರಣ ಚಿಹ್ನೆಯಿಲ್ಲದೆ ಬಳಸುವುದು ಕೃತಿಚೌರ್ಯ, ಇತರರ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳಿ ಹೆಸರು ಬಿಡುವುದೂ ಕೃತಿಚೌರ್ಯವೇ. ಕೃತಕ ಬುದ್ಧಿಮತ್ತೆಯಿಂದ ಪ್ರಬಂಧ ಬರೆಸುವ ವಿಷಯದಲ್ಲಿ ಕಾಲೇಜಿನ ನಿಯಮ ಏನಿದೆಯೋ ಅದನ್ನು ಮೊದಲು ಓದಿಕೊಳ್ಳಿ. ನಿಯಮದ ಆಚೆಗೆ ನನ್ನ ಮಾತು ಇಷ್ಟೇ: ಮೇಲಿನ ಮೂರು ಕರಡುಗಳಲ್ಲಿ ಕಲಿತದ್ದು ಮೂರನೆಯದರಲ್ಲಿಲ್ಲ, ಒಂದರಿಂದ ಮೂರಕ್ಕೆ ನಡೆದದ್ದರಲ್ಲಿದೆ. ಆ ನಡಿಗೆಯನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟರೆ ಪದವಿ ಸಿಗಬಹುದು.

ಬರೀ ಕತೆ ಬರೆದು ಬದುಕುವವರು ಎಲ್ಲ ಭಾಷೆಗಳಲ್ಲೂ ಕೆಲವೇ ಜನ. ಬೋಧನೆ, ಸಂಪಾದನೆ, ಅನುವಾದ, ಪತ್ರಿಕೋದ್ಯಮ, ಜಾಹೀರಾತು, ಚಿತ್ರಕತೆ ಇವುಗಳಲ್ಲಿ ಒಂದಕ್ಕೆ ಓದುವಾಗಲೇ ಕೈ ಹಾಕಿ. ಕಾಲೇಜು ಪತ್ರಿಕೆಯ ಕರಡಚ್ಚು ತಿದ್ದುವ ಕೆಲಸವನ್ನು ಯಾರೂ ಬೇಡುವುದಿಲ್ಲ, ಆದ್ದರಿಂದ ಕೇಳಿದವರಿಗೆ ಸಿಗುತ್ತದೆ.

ಕೊನೆಯ ಸಂಕಲನ

ಕೋರ್ಸಿನ ಕೊನೆಗೆ ಸ್ವಂತ ಬರಹಗಳ ಸಂಕಲನ ಒಪ್ಪಿಸಬೇಕಾಗಿ ಬಂದರೆ ಬರೆದದ್ದೆಲ್ಲವನ್ನೂ ತುಂಬಬೇಡಿ. ಅತ್ಯುತ್ತಮವಾದದ್ದು ಮೊದಲಿರಲಿ, ಅದರ ನಂತರದ್ದು ಕೊನೆಗೆ. ಜೊತೆಗೆ ಬರೆಯಬೇಕಾದ ಆತ್ಮವಿಮರ್ಶೆಯ ಟಿಪ್ಪಣಿಯಲ್ಲಿ "ಬಾಲ್ಯದಿಂದಲೂ ಬರವಣಿಗೆಯಲ್ಲಿ ಆಸಕ್ತಿ" ಎಂದು ಬರೆಯುವ ಬದಲು, ಒಂದೇ ಒಂದು ವಾಕ್ಯ ಹೇಗೆ ಬದಲಾಯಿತು, ಯಾವ ಓದು ಅದನ್ನು ಬದಲಿಸಿತು ಎಂದು ತೋರಿಸಿ. ಪತ್ರಿಕೆಗಳಿಗೆ ಕಳುಹಿಸುವಾಗ ಇತ್ತೀಚಿನ ಎರಡು ಮೂರು ಸಂಚಿಕೆಗಳನ್ನು ಓದಿ, ಪದಮಿತಿ ಪಾಲಿಸಿ, ಯಾವುದನ್ನು ಎಲ್ಲಿಗೆ, ಯಾವಾಗ ಕಳುಹಿಸಿದ್ದೆಂದು ಬರೆದಿಟ್ಟುಕೊಳ್ಳಿ.

ಒಪ್ಪಿಸುವ ಹಿಂದಿನ ದಿನ ಎಲ್ಲವನ್ನೂ ಮುದ್ರಿಸಿಕೊಂಡು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ಅಂಚಿನಲ್ಲಿ ಒಂದು ಗೆರೆ ಎಳೆದು ಮುಂದಕ್ಕೆ ಹೋಗಿ, ನಿಂತು ತಿದ್ದಬೇಡಿ. ಪೂರ್ತಿ ಓದಿದ ಮೇಲೆ ಗೆರೆಗಳನ್ನು ಎಣಿಸಿ, ಮೊದಲ ಪುಟದ ಮೊದಲ ಗೆರೆಯಿಂದ ಶುರುಮಾಡಿ.